ನಾಲ್ಕನೇ ಫೀಲ್ಡು

ಕಳೆದ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಅಮ್ಮ ಒಂದು ಕೆಲಸ ಹೇಳಿದರು. "ಹೊಸ ಹಿಂಡಿ ಹಾಕಕ್ಕೆ ಶುರು ಮಾಡಿದ ಮೇಲೆ ಫ್ಯಾಟ್ ಜಾಸ್ತಿ ಆಗಿದ್ಯಾ ನೋಡಿ ಹೇಳೋ. ಮೂಟೆಗೆ ಸುಮ್ನೆ ದುಡ್ಡು ಸುರೀತಿದೀನೇನೋ ಅನ್ಸುತ್ತೆ."

ನಮ್ಮನೇಲಿ ಎರಡು ಹಸು. ಡೇರಿಗೆ ಹಾಲು ಹಾಕಿದಾಗಲೆಲ್ಲ ಅಮ್ಮನ ಮೊಬೈಲಿಗೆ ಮೆಸೇಜ್ ಬರುತ್ತೆ. ತಾರೀಖು, ಎಎಂ ಅಥವಾ ಪಿಎಂ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ಕೊನೆಗೆ ದುಡ್ಡು, ನಡುವೆ ಕಾಮಾ. ದಿನಕ್ಕೆ 2ರ ಹಾಗೆ 6 ತಿಂಗಳ ಮೆಸೇಜು. ಎಲ್ಲವನ್ನೂ ಒಂದು ಟೆಕ್ಸ್ಟ್ ಫೈಲಿಗೆ ಇಳಿಸಿಕೊಂಡೆ.

ಇಂಥ ಕೆಲಸಕ್ಕೆ ಆಕ್ ಇದೆಯಲ್ಲ! 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಆಹೊ, ವೈನ್‌ಬರ್ಗರ್, ಕರ್ನಿಹನ್ ಎಂಬ ಮೂವರು ಬರೆದದ್ದು. ಸಾಲನ್ನು ತುಂಡು ಮಾಡಿ, ಇಷ್ಟನೇ ತುಂಡು ಕೊಡು ಅಂದರೆ ಕೊಡುತ್ತೆ. ಕಾಮಾದಲ್ಲಿ ಒಡೆದೆ, ನಾಲ್ಕನೇ ಫೀಲ್ಡ್ ತೆಗೆದೆ. ಅದರಲ್ಲಿ 'ಫ್ಯಾಟ್:3.6' ಅಂತ ಇತ್ತು. ಹೆಸರು ಯಾಕೆ ಬೇಕು ಅಂತ ಅಕ್ಷರಗಳನ್ನೆಲ್ಲ ಅಳಿಸಿ ಅಂಕಿ ಮಾತ್ರ ಉಳಿಸಿಕೊಂಡು ಸರಾಸರಿ ಹಾಕಿದೆ. ಒಂದೇ ಸಾಲಿನ ಸ್ಕ್ರಿಪ್ಟು. ಒಂದೂ ಎರರ್ ಇಲ್ಲ.

"ಅಮ್ಮಾ, ಮೊದಲು 3.6 ಇತ್ತು. ಈಗ 8.4!"

ಅಮ್ಮ ಸೌದೆ ಒಲೆ ಮುಂದಿಂದ ತಿರುಗಿಯೂ ನೋಡಲಿಲ್ಲ. "ನಮ್ಮ ಹಸು ಯಾವಾಗಪ್ಪಾ ಎಮ್ಮೆ ಆಯ್ತು? ಅದು ಎಸ್‌ಎನ್‌ಎಫ್ ಇರ್ಬೇಕು, ಸರಿಯಾಗಿ ನೋಡು."

ಫೈಲ್ ತೆರೆದು ನೋಡಿದೆ. ಹಿಂಡಿ ಬದಲಾದ ಹೊತ್ತಿಗೇ ಮೆಸೇಜಿನ ರೂಪವೂ ಬದಲಾಗಿತ್ತು. ತಾರೀಖಿಗೂ ಎಎಂಗೂ ನಡುವೆ ಇದ್ದ ಕಾಮಾ ಹೋಗಿ ಬರೀ ಸ್ಪೇಸ್ ಉಳಿದಿತ್ತು. ಎರಡು ತುಂಡು ಒಂದಾಗಿ, ಫ್ಯಾಟ್ ಮೂರನೇ ಜಾಗಕ್ಕೆ ಸರಿದು, ನಾಲ್ಕರಲ್ಲಿ ಎಸ್‌ಎನ್‌ಎಫ್ ಬಂದು ಕೂತಿತ್ತು. ಆಕ್ ತಪ್ಪು ಮಾಡಿರಲಿಲ್ಲ, ನಾನು ಕೇಳಿದ್ದನ್ನೇ ಕೊಟ್ಟಿತ್ತು. ಇದು ಫ್ಯಾಟ್ ಅಲ್ಲ ಅಂತ ಹೇಳಬಹುದಾಗಿದ್ದ ಹೆಸರನ್ನು ನಾನೇ ಅಳಿಸಿ ಹಾಕಿದ್ದೆ.

ಮತ್ತೆ ಬರೆದೆ. ಈ ಸಲ ಜಾಗ ಎಣಿಸಲಿಲ್ಲ. 'ಫ್ಯಾಟ್:' ಅನ್ನೋ ಹೆಸರನ್ನೇ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಹುಡುಕಿ, ಅದರ ಪಕ್ಕದ ಅಂಕಿ ತೆಗೆದೆ. ಹೆಸರು ಸಿಗದ ಸಾಲನ್ನು ಬಿಡದೆ ಬೇರೆ ಫೈಲಿಗೆ ಹಾಕಿದೆ. 3ಕ್ಕಿಂತ ಕಡಿಮೆ, 5ಕ್ಕಿಂತ ಜಾಸ್ತಿ ಬಂದರೆ ಪೂರ್ತಿ ಸಾಲನ್ನೇ ತೋರಿಸು ಅಂದೆ.

ಹೊಸ ಉತ್ತರ: ಮೊದಲು 3.6, ಈಗ 3.7.

"ಅಷ್ಟಕ್ಕೆ ಅಷ್ಟು ದುಡ್ಡಾ?" ಅಂದರು ಅಮ್ಮ. ಮುಂದಿನ ವಾರದಿಂದ ಹಳೇ ಹಿಂಡಿನೇ ಬಂತು.

ನನಗೆ ಈಗಲೂ ಕಾಡೋದು ಒಂದೇ. 8.4 ಬಂದಿದ್ದಕ್ಕೆ ಅಮ್ಮನಿಗೆ ಗೊತ್ತಾಯ್ತು. ತಪ್ಪು ಉತ್ತರ 4.1 ಅಂತ ಬಂದಿದ್ದರೆ? ಇಬ್ಬರೂ ಖುಷಿಯಾಗಿ ಇನ್ನೊಂದು ಮೂಟೆ ತರ್ತಿದ್ವಿ.

ಈಗ ಲ್ಯಾಬಲ್ಲಿ ಯಾವ ಡೇಟಾ ಕೊಟ್ಟರೂ ಸ್ಕ್ರಿಪ್ಟ್ ಬರೆಯೋ ಮೊದಲು ಫೈಲಿನ ಮೊದಲ, ನಡುವಿನ, ಕೊನೆಯ ಹತ್ತು ಹತ್ತು ಸಾಲು ಕಣ್ಣಾರೆ ಓದ್ತೀನಿ. ಫ್ರೆಂಡ್ಸ್ ನಗ್ತಾರೆ. ನಗಲಿ ಬಿಡಿ.