ಕಷ್ಟದ ಲೆಕ್ಕದ ಸುಖ

ಹತ್ತನೇ ತರಗತಿಯಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಾಗ ನಮ್ಮ ಶಾಲೆಗಳು ಕೊಡುವ ಮದ್ದಿನ ಹೆಸರು ‘ಪಾಸಿಂಗ್ ಪ್ಯಾಕೇಜ್’. ತಪ್ಪದೆ ಬರುವ ಪ್ರಶ್ನೆಗಳು, ಒಂದು ಗ್ರಾಫ್, ಜೊತೆಗೆ ಥೇಲ್ಸನ ಪ್ರಮೇಯ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ವಿಭಾಗಿಸುತ್ತದೆ ಎನ್ನುವುದನ್ನು ಅಂಥ ಒಬ್ಬ ಹುಡುಗ ಹತ್ತಾರು ಸಲ ಬರೆದು ಉರು ಹೊಡೆಯುತ್ತಾನೆ. ದತ್ತ, ಸಾಧನೀಯ, ರಚನೆ, ಸಾಧನೆ, ಒಂದು ಸಾಲೂ ಆಚೀಚೆ ಆಗುವುದಿಲ್ಲ. ಆದರೆ ಚಿತ್ರದಲ್ಲಿ ಎ, ಬಿ, ಸಿ ಇದ್ದ ಜಾಗಕ್ಕೆ ಪಿ, ಕ್ಯೂ, ಆರ್ ಬಂದರೆ ಪೆನ್ನು ನಿಂತುಬಿಡುತ್ತದೆ. ಇದನ್ನು ಮಾಡಿಸುವ ಮೇಷ್ಟ್ರುಗಳನ್ನು ನಾನು ದೂರಲಾರೆ. ಆ ಮಕ್ಕಳು ದಾಟಲಿ ಎಂಬ ಕಾಳಜಿಯಿಂದಲೇ ಅವರು ಸಂಜೆಯ ಮೇಲೂ ಶಾಲೆಯಲ್ಲಿ ಕೂರುತ್ತಾರೆ. ಆದರೂ ಅಲ್ಲಿ ಮಗುವಿಗೆ ಒಂದು ಮಾತು ಸದ್ದಿಲ್ಲದೆ ತಲುಪುತ್ತದೆ: ಅರ್ಥ ಮಾಡಿಕೊಳ್ಳುವುದು ನಿನ್ನಿಂದಾಗದು, ಇಷ್ಟಾದರೂ ಮಾಡು. ಕಲಿಕೆಯ ಸಂತೋಷ ಮೊದಲು ಸೋರಿಹೋಗುವುದು ಇಲ್ಲಿಯೇ.

ಜಾಣರೆನಿಸಿಕೊಂಡ ಮಕ್ಕಳಿಗೂ ಬೇರೆ ದಾರಿಯಿಂದ ಇದೇ ನಷ್ಟವಾಗುತ್ತದೆ. 1998ರಲ್ಲಿ ಅಮೆರಿಕದ ಸಂಶೋಧಕರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಅಧ್ಯಯನಗಳನ್ನು ಪ್ರಕಟಿಸಿದರು. ಮೊದಲು ಅಷ್ಟೇನೂ ಕಷ್ಟವಲ್ಲದ ಒಗಟುಗಳು. ಬಿಡಿಸಿದ ಮೇಲೆ ಕೆಲವರಿಗೆ ‘ನೀನು ಬಹಳ ಜಾಣ’ ಎಂಬ ಹೊಗಳಿಕೆ, ಕೆಲವರಿಗೆ ‘ಚೆನ್ನಾಗಿ ಶ್ರಮ ಹಾಕಿದ್ದೀಯ’ ಎಂಬ ಹೊಗಳಿಕೆ. ಮುಂದೆ ಎಂಥ ಒಗಟು ಬೇಕು ಎಂದು ಕೇಳಿದರೆ, ಶ್ರಮಕ್ಕೆ ಹೊಗಳಿಸಿಕೊಂಡವರಲ್ಲಿ ಹತ್ತಕ್ಕೆ ಒಂಬತ್ತು ಮಕ್ಕಳು ಹೊಸದೇನಾದರೂ ಕಲಿಸುವಂಥದ್ದನ್ನೇ ಕೇಳಿದರು. ಜಾಣರೆನಿಸಿಕೊಂಡವರಲ್ಲಿ ಹೆಚ್ಚಿನವರು ಜಾಣತನ ಉಳಿಸಿಕೊಳ್ಳುವ ಸುಲಭದ ಒಗಟನ್ನು ಆರಿಸಿದರು. ಆಮೇಲೆ ಎಲ್ಲರಿಗೂ ಬಹಳ ಕಷ್ಟದ್ದನ್ನು ಕೊಟ್ಟು ಸೋಲಿಸಲಾಯಿತು. ಮತ್ತೆ ಮೊದಲಿನಂಥವನ್ನೇ ಕೊಟ್ಟಾಗ ಜಾಣರೆಂದು ಕರೆಸಿಕೊಂಡವರು ತಾವೇ ಮೊದಲು ಮಾಡಿದ್ದಕ್ಕಿಂತ ಕಡಿಮೆ ಮಾಡಿದರು. ಒಗಟು ಬಿಡಿಸುವುದರಲ್ಲಿ ಅವರಿಗಿದ್ದ ಖುಷಿಯೂ ಇಳಿಯಿತು. ತಮ್ಮ ಅಂಕವನ್ನು ಬೇರೆ ಶಾಲೆಯ ಅಪರಿಚಿತ ಮಗುವಿಗೆ ಬರೆದು ತಿಳಿಸಿ ಎಂದಾಗ ಅವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಹೆಚ್ಚಿಸಿ ಬರೆದರು. ಮುಖ ನೋಡದ ಮಗುವಿನ ಮುಂದೆಯೂ ಸೋಲನ್ನು ಮುಚ್ಚಿಡಬೇಕು ಅನ್ನಿಸುವಷ್ಟು ಭಾರವನ್ನು ಪ್ರೀತಿಯ ಒಂದು ಹೊಗಳಿಕೆ ಹೊರಿಸಿತ್ತು. ಫಲಿತಾಂಶದ ದಿನ ನೆಂಟರ ಫೋನುಗಳಿಗೆ ಹೆದರಿ ಕೋಣೆ ಸೇರುವ ನಮ್ಮ ಮಕ್ಕಳ ವಿಷಯದಲ್ಲಿ ನನಗೆ ಇದು ತುಂಬ ನೋವಿನ ಸಂಗತಿ.

ಹಾಗಾದರೆ ಮಕ್ಕಳ ಮನೋಭಾವ ತಿದ್ದಿದರೆ ಸಾಕಲ್ಲ, ‘ಪ್ರಯತ್ನಪಟ್ಟರೆ ಎಲ್ಲವೂ ಸಾಧ್ಯ’ ಎಂದು ಗೋಡೆಯ ಮೇಲೆ ಬರೆಸಿದರಾಯಿತಲ್ಲ ಎನ್ನುವವರಿದ್ದಾರೆ. ಸಾಲದು. 2018ರಲ್ಲಿ ಮನೋಭಾವ ತಿದ್ದುವ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಸರಾಸರಿ ಪರಿಣಾಮ ತೀರ ಸಣ್ಣದಾಗಿ ಕಂಡಿತು. 2019ರಲ್ಲಿ ಡೇವಿಡ್ ಯೇಗರ್ ಮತ್ತು ಸಂಗಡಿಗರು ಅಮೆರಿಕದ ಸುಮಾರು ಹನ್ನೆರಡು ಸಾವಿರ ಒಂಬತ್ತನೇ ತರಗತಿಯ ಮಕ್ಕಳಿಗೆ, ಬುದ್ಧಿ ಬೆಳೆಯುವಂಥದ್ದು ಎಂಬುದನ್ನು ಒಂದು ಗಂಟೆಗೂ ಕಡಿಮೆ ಅವಧಿಯಲ್ಲಿ ಕಂಪ್ಯೂಟರಿನ ಮೂಲಕ ತಿಳಿಸಿಕೊಟ್ಟರು. ಹಿಂದುಳಿದವರ ಗ್ರೇಡ್ ಸರಾಸರಿ 0.1ರಷ್ಟು ಏರಿತು. ಅಷ್ಟು ಅಗ್ಗದ ಕೆಲಸಕ್ಕೆ ಅದು ಕಡಿಮೆಯೇನಲ್ಲ, ಪವಾಡವಂತೂ ಅಲ್ಲ. ನನಗೆ ಮುಖ್ಯವೆನಿಸುವುದು ಅದರ ಇನ್ನೊಂದು ಫಲಿತ: ಕಷ್ಟದ ಕೆಲಸಕ್ಕೆ ಕೈಹಾಕುವುದು ಸಹಪಾಠಿಗಳ ನಡುವೆ ಸಹಜವೆನಿಸಿದ್ದ ಶಾಲೆಗಳಲ್ಲಿ ಪರಿಣಾಮ ಹೆಚ್ಚು ಕಂಡಿತು. ಮಗುವಿನ ತಲೆಯೊಳಗೆ ನಂಬಿಕೆ ತುಂಬಿ, ತಪ್ಪಿಗೆ ನಗುವ ತರಗತಿಗೆ ವಾಪಸ್ಸು ಕಳಿಸಿದರೆ ಆ ನಂಬಿಕೆ ಎಷ್ಟು ದಿನ ಬಾಳೀತು? ಬದಲಾಗಬೇಕಾದ್ದು ಶಾಲೆಯ ಏರ್ಪಾಡು.

ಅಂಥ ಏರ್ಪಾಡಿನ ಮಾದರಿಯೊಂದು ನಮ್ಮ ಸರ್ಕಾರಿ ಶಾಲೆಗಳಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು, ಆಂಧ್ರದ ರಿಷಿವ್ಯಾಲಿಯಲ್ಲಿ ನಡೆಯುತ್ತಿದ್ದ ಪ್ರಯೋಗವನ್ನು ಕಂಡು ಬಂದು, ಯುನಿಸೆಫ್ ನೆರವಿನಿಂದ ಕಟ್ಟಿದ ನಲಿ-ಕಲಿ ಅದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ಅದರ ಮೆಟ್ಟಿಲು ಮೆಟ್ಟಿಲಿಗೆ ಚಿತ್ರದ ಗುರುತು. ತಾನು ನಿಂತ ಮೆಟ್ಟಿಲಿನ ಗುರುತು ನೋಡಿ ಮಗು ತಾನೇ ಕಾರ್ಡು ಹುಡುಕಿ ತರುತ್ತದೆ, ಆ ಗುರುತು ಹೇಳುವ ಗುಂಪಿಗೆ ಹೋಗಿ ಕೂರುತ್ತದೆ. ಒಂದು ಗುಂಪಿನಲ್ಲಿ ಶಿಕ್ಷಕಿ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಅರ್ಧ, ಮತ್ತೊಂದರಲ್ಲಿ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ಒಂದೇ ಕೂತು ಮಾಡುತ್ತದೆ. ಸುಗ್ಗಿಯ ಕಾಲದಲ್ಲಿ ಅಪ್ಪ ಅಮ್ಮನ ಜೊತೆ ಹೊಲಕ್ಕೆ ಹೋಗಿ ಹದಿನೈದು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದಕ್ಕೆ ಹತ್ತುತ್ತದೆ. ಪಾಠ ಮುಂದೆ ಹೋಯಿತು, ನೀನು ಹಿಂದೆ ಉಳಿದೆ ಎಂದು ಯಾರೂ ಹೇಳುವ ಹಾಗಿಲ್ಲ. ಕಷ್ಟ ಇದ್ದೇ ಇದೆ, ಆದರೆ ಆ ದಿನ ಆ ಮಗುವಿಗೆ ಎಟುಕುವಷ್ಟು. ಕೈಲಾಗುವುದಕ್ಕಿಂತ ತುಸು ಮೇಲಿರುವ ಕೆಲಸದಲ್ಲೇ ಮನುಷ್ಯ ಮೈಮರೆತು ತೊಡಗುತ್ತಾನೆ ಎಂದು ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ ತಮ್ಮ 1990ರ ಪುಸ್ತಕದಲ್ಲಿ ವಾದಿಸಿದ್ದರು. ಕಾರ್ಡು ಹಿಡಿದು ಕೂತ ಮಗುವಿಗೆ ಆ ಸುಖಕ್ಕೆ ಬೇಕಾದ ಜಾಗ ಸಿಕ್ಕಿರುತ್ತದೆ. ಶಿಕ್ಷಕರ ಕೊರತೆ ಇರುವ ಕಡೆ ಕಾರ್ಡುಗಳು ಹರಿದು, ಏಣಿ ಗೋಡೆಯ ಅಲಂಕಾರವಾಗಿಬಿಡುತ್ತದೆ ಎಂಬ ದೂರು ಸುಳ್ಳಲ್ಲ. ಆ ದೂರಿಗೆ ಉತ್ತರ ಶಿಕ್ಷಕರನ್ನು ಕೊಡುವುದೇ ಹೊರತು ಏಣಿಯನ್ನು ತೆಗೆಯುವುದಲ್ಲ. ನಾಲ್ಕನೇ ತರಗತಿಗೆ ಬಂದೊಡನೆ ಎಲ್ಲರಿಗೂ ಒಂದೇ ಪುಟ, ಒಂದೇ ವೇಗ. ಅಲ್ಲಿಂದ ಹತ್ತನೇ ತರಗತಿಯ ಪಾಸಿಂಗ್ ಪ್ಯಾಕೇಜಿನವರೆಗೆ ದಾರಿ ನೇರವಾಗಿದೆ.

ಚಿಕ್ಕ ಮಕ್ಕಳಿಗೆ ಇದೆಲ್ಲ ಸರಿ, ದೊಡ್ಡವರಾದ ಮೇಲೆ ಸೀಟು ಸಿಗುವುದು ಅಂಕದಿಂದಲೇ ಎನ್ನುವ ಹೆತ್ತವರ ಮಾತನ್ನು ತಳ್ಳಿಹಾಕಲಾಗದು. ಆದರೆ ಅಂಕಕ್ಕೂ ಎಟುಕುವ ಕಷ್ಟದ ಈ ದಾರಿಯೇ ಗಟ್ಟಿ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ತೋರಿಸಿದ್ದು ಇದನ್ನೇ: ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು, ಪುಸ್ತಕ ಮುಚ್ಚಿ ತಿಣುಕಿ ನೆನಪು ಮಾಡಿಕೊಂಡವರು ವಾರದ ನಂತರ ಮುಂದಿದ್ದರು. ತಿಣುಕುವಾಗ ಮಗುವಿಗೆ ತಾನು ದಡ್ಡ ಅನ್ನಿಸುತ್ತದೆ. ಕಲಿಕೆ ಬೇರೂರುವುದೂ ಆಗಲೇ. ಇದನ್ನು ಮಗುವಿಗೆ ಬಿಡಿಸಿ ಹೇಳುವ ಹೊಣೆ ದೊಡ್ಡವರದು. ಇನ್ನು 2024ರಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿಗಳಲ್ಲಿ ಒಂದೇ ವರ್ಷ ಮೂರು ಪರೀಕ್ಷೆ ಬರೆಯುವ ಅವಕಾಶ ಬಂದಾಗ ಮಕ್ಕಳು ಸೋಮಾರಿಗಳಾಗುತ್ತಾರೆ ಎಂಬ ಆಕ್ಷೇಪ ಎದ್ದಿತು. ಕೆಲವರು ಆದಾರು. ಆದರೆ ಒಂದೇ ಏಟಿಗೆ ತೀರ್ಮಾನವಾಗುವ ಪರೀಕ್ಷೆ ಮಕ್ಕಳನ್ನು ಉರು ಹೊಡೆಯಲು ಹಚ್ಚಿತೇ ಹೊರತು ಶ್ರಮಜೀವಿಗಳನ್ನಾಗಿ ಮಾಡಲಿಲ್ಲ. ಮೊದಲ ಪರೀಕ್ಷೆಗೂ ಎರಡನೆಯದಕ್ಕೂ ನಡುವಿನ ವಾರಗಳಲ್ಲಿ ಯಾರಾದರೂ ಆ ಹುಡುಗನ ಪಕ್ಕ ಕೂತು ಅವನು ಎಡವಿದ ಜಾಗವನ್ನು ತೋರಿಸಿದರೆ, ತ್ರಿಭುಜದ ಹೆಸರು ಬದಲಿಸಿ ಅದೇ ಪ್ರಮೇಯದ ಸಾಧನೆಯನ್ನು ಅವನಿಂದಲೇ ಮಾಡಿಸಿದರೆ, ಎರಡನೆಯ ಪರೀಕ್ಷೆ ನಿಜವಾಗಿಯೂ ಎರಡನೆಯದಾಗುತ್ತದೆ. ಆ ವಾರಗಳನ್ನು ಖಾಲಿ ಬಿಟ್ಟರೆ ಅವನು ಬರೆಯುವುದು ಅದೇ ಪ್ಯಾಕೇಜನ್ನು, ಇನ್ನೊಂದು ಸಲ.