ಮೇಲಿನ ಮನೆಯ ಮಾತು

ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಸಿನಿಮಾ ಬಗ್ಗೆ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ಬ್ಯಾಂಕಿನಿಂದ ನಿವೃತ್ತಳಾದ ಮೇಲೆ. "ಹೆಂಗೂ ಮನ್ಯಾಗ ಖಾಲಿ ಇರ್ತೀರಿ, ಸಿನಿಮಾನೂ ನೋಡ್ತೀರಿ, ತಿಂಗಳಿಗೆ ಒಂದು ಪುಟ ಬರಕೊಡ್ರಿ" ಎಂದರು ಸಂಪಾದಕರು. ಧಾರವಾಡ ಬಿಟ್ಟು ಡೊಂಬಿವಲಿ ಸೇರಿ ಮೂವತ್ತು ವರ್ಷ ದಾಟಿತ್ತು. ಕನ್ನಡದಲ್ಲಿ ಬರೆಯುವುದೆಂದರೆ ಅಷ್ಟು ದಿನ ದಿನಸಿ ಚೀಟಿ ಮಾತ್ರ. ಹೂಂ ಅಂದೆ.

ಮೊದಮೊದಲು ಬಚ್ಚನ್ನನ ಮುದಿತನದ ಪಾತ್ರಗಳು, ರಾಜಕುಮಾರರ ಹಳೇ ಚಿತ್ರಗಳು ಅಂತ ಆರಾಮಾಗಿ ಬರೆದುಕೊಂಡಿದ್ದೆ. 2020ರಿಂದೀಚೆಗೆ ಏನಾಗಿದೆಯೋ, ನನ್ನ ಪುಟಕ್ಕೆ ಬರುವ ಒಳ್ಳೆಯ ಚಿತ್ರಗಳಲ್ಲಿ ಅರ್ಧಕ್ಕರ್ಧ ಮೋಸದ್ದು, ಇಲ್ಲಾ ಹೊಡೆತ ಬಡಿತದ್ದು. ಹೊರಗಿನ ಕಳ್ಳ, ಸ್ಮಗ್ಲರ್, ಡಾಕು ಯಾರೂ ಇಲ್ಲ. ಖಳನಾಯಕ ಮನೆಯೊಳಗೇ ಚಪ್ಪಲಿ ಬಿಟ್ಟು ಬಂದು ಚಹಾ ಕೇಳುವವನು. ಓದುಗರೊಬ್ಬರು, ಹಿರಿಯರು, ವಾರ್ಷಿಕ ಸಭೆಯಲ್ಲಿ ಕೇಳಿಯೇಬಿಟ್ಟರು: "ಏನ್ರೀ ನೀವು, ಬರೇ ಗಂಡ ಹೆಂಡತೀನ್ನ ಹೊಡಿಯೋ ಸಿನಿಮಾನ ಬರೀತೀರಿ? ನಮ್ಮ ಕಡೆ ಹಂಗೆಲ್ಲ ಇಲ್ಲ."

ಈ 'ನಮ್ಮ ಕಡೆ ಹಂಗಿಲ್ಲ' ಎಂಬುದು ಪರಊರಿನಲ್ಲಿರುವ ನಮ್ಮೆಲ್ಲರ ಗಂಟು. ಊರು ಬಿಟ್ಟವರಿಗೆ ಊರು ಪ್ರತಿ ವರ್ಷ ಸ್ವಲ್ಪ ಹೆಚ್ಚು ಒಳ್ಳೆಯದಾಗುತ್ತ ಹೋಗುತ್ತದೆ. ಅವತ್ತು ಆ ಹಿರಿಯರಿಗೆ ಉತ್ತರ ಕೊಡಲಿಲ್ಲ. ಆಮೇಲೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ನೋಡಿದೆ. 2019–21ರ ಐದನೇ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಹೆಂಗಸರು ದೇಶದಲ್ಲಿ ನೂರಕ್ಕೆ 29 ಚಿಲ್ಲರೆ. ಕರ್ನಾಟಕದಲ್ಲಿ 44ಕ್ಕೂ ಮೇಲೆ. ಎಲ್ಲ ರಾಜ್ಯಗಳಿಗಿಂತ ನಾವೇ ಮುಂದೆ. ನಾನು ಬಾಳಿದ ಈ ಮಹಾರಾಷ್ಟ್ರದಲ್ಲಿ ಸುಮಾರು 25.

2023ರಲ್ಲಿ ಪ್ರೈಮ್‌ನಲ್ಲಿ 'ದಹಾಡ್' ಎಂಬ ಸರಣಿ ಬಂತು. ರಾಜಸ್ಥಾನದ ಊರು, ಸೋನಾಕ್ಷಿ ಸಿನ್ಹಾ ಸಬ್ ಇನ್ಸ್‌ಪೆಕ್ಟರು. ಮೃದುವಾಗಿ ಮಾತಾಡುವ ಮೇಷ್ಟರೊಬ್ಬ ಮದುವೆಯಾಗದೆ ಉಳಿದ ಹುಡುಗಿಯರನ್ನು ಹುಡುಕಿ, ಪ್ರೀತಿಯ ಮಾತಾಡಿ, ಓಡಿಸಿಕೊಂಡು ಹೋಗಿ ಸೈನೈಡಿನಿಂದ ಕೊಲ್ಲುತ್ತಾನೆ. ನಮ್ಮ ಕಟ್ಟಡದ ಮಂಗಳೂರಿನವರೊಬ್ಬರು ಎರಡು ಕಂತು ನೋಡಿದ್ದೇ, "ಇದು ನಮ್ಮ ಬಂಟ್ವಾಳದ ಕಡೆಯ ಕಥೆಯಲ್ವಾ ಮಾರಾಯ್ರೇ" ಅಂದರು. 2009ರಲ್ಲಿ ಸಿಕ್ಕಿಬಿದ್ದ ಸೈನೈಡ್ ಮೋಹನನ ಪ್ರಕರಣ. ಅವನೂ ಮೇಷ್ಟರೇ, ಅವನ ಮೇಲಿದ್ದದ್ದು 20 ಹೆಣ್ಣುಮಕ್ಕಳ ಕೊಲೆಯ ಮೊಕದ್ದಮೆ. ಸರಣಿಯಲ್ಲಿ ನನ್ನನ್ನು ಹಿಡಿದದ್ದು ಕೊಲೆಗಾರನಲ್ಲ. ಮಗಳು ಓಡಿಹೋದಳು ಎಂದು ತಿಳಿದ ಮೇಲೆ ಹುಡುಕದೆ ಕೂತ ಮನೆಗಳು. ಮರ್ಯಾದೆ ಹೋಯಿತೆಂದು ದೂರೂ ಕೊಡುವುದಿಲ್ಲ. ಅವನಿಗೆ ಬೇಕಾದದ್ದೂ ಅಷ್ಟೇ.

ಇಷ್ಟೆಲ್ಲ ಬರೆಯುವ ನಾನೇನೂ ಮೇಲಿನವಳಲ್ಲ. ನನ್ನದೇ ಒಂದು ಕಥೆ ಹೇಳಬೇಕು.

2019ರ ದೀಪಾವಳಿಯ ಹೊತ್ತಿಗೆ ನಮ್ಮ ಮೇಲಿನ ಮನೆಗೆ ಹೊಸ ಜೋಡಿಯೊಂದು ಬಾಡಿಗೆಗೆ ಬಂತು. ವಿಜಯಪುರದ ಕಡೆಯವರು. ಮೆಟ್ಟಿಲ ಮೇಲೆ "ಬರ್ತೀನ್ರೀ" ಎಂಬ ಮಾತು ಕೇಳಿ ನನಗೆ ಆದ ಸಂತೋಷ ಹೇಳತೀರದು. ನಮ್ಮ ಕಟ್ಟಡದಲ್ಲಿ ಮರಾಠಿಯವರಿದ್ದಾರೆ, ಗುಜರಾತಿಗಳು, ಒಂದು ಮಲಯಾಳಿ ಮನೆ, ಮಂಗಳೂರಿನ ತುಳು ಮನೆ. ಉತ್ತರ ಕರ್ನಾಟಕದ ಮಾತು ಕಿವಿಗೆ ಬಿದ್ದು ವರ್ಷಗಳಾಗಿದ್ದವು. ಹುಡುಗ ಖಾಸಗಿ ಕಂಪನಿಯಲ್ಲಿ. ಬಹಳ ಮರ್ಯಾದಸ್ಥ. ನನ್ನ ಕೈಯಿಂದ ಕಾಯಿಪಲ್ಲೆ ಚೀಲ ಇಸಿದುಕೊಂಡು ಮೇಲೆ ತಂದುಕೊಡುತ್ತಿದ್ದ. ಹುಡುಗಿಗೆ ಮರಾಠಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಸಂಕ್ರಾಂತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು. ಬದಲಿಗೆ ಸಂಘದ ಪತ್ರಿಕೆ ಕೊಟ್ಟೆ.

ಲಾಕ್‌ಡೌನಿಗೆ ಮೊದಲು ನಾನು ಥಿಯೇಟರಿನಲ್ಲಿ ನೋಡಿದ ಕೊನೆಯ ಚಿತ್ರ 'ಥಪ್ಪಡ್'. ಫೆಬ್ರವರಿ 28ಕ್ಕೆ ಬಿಡುಗಡೆ. ಅನುಭವ್ ಸಿನ್ಹಾ ನಿರ್ದೇಶನ. ಕಥೆ ನಿಮಗೆ ಗೊತ್ತು. ಮನೆಯ ಪಾರ್ಟಿಯಲ್ಲಿ, ಎಲ್ಲರೆದುರು, ಗಂಡ ಹೆಂಡತಿಯ ಕೆನ್ನೆಗೆ ಒಂದು ಏಟು ಕೊಡುತ್ತಾನೆ. ಒಂದೇ. ಅವನ ಸಿಟ್ಟು ಇದ್ದದ್ದು ಆಫೀಸಿನ ಮೇಲೆ. 'ಇಷ್ಟಕ್ಕೇ ಯಾರಾದರೂ ಮನೆ ಬಿಡ್ತಾರಾ' ಎಂದು ಎಲ್ಲರೂ ಕೇಳುತ್ತಾರೆ, ಹೆತ್ತ ತಾಯಿಯೂ. ತಾಪ್ಸಿ ಪನ್ನು ಬಿಡುತ್ತಾಳೆ. ಮರುದಿನ ಬೆಳಿಗ್ಗೆ ಅವಳು ಎಂದಿನ ಹಾಗೆ ಹಾಲಿನ ಬಾಟಲಿ ಒಳಗೆ ತರುವ, ಚಹಾ ಮಾಡುವ ದೃಶ್ಯವನ್ನು ನಾನು ಬಹಳ ಹೊಗಳಿ ಬರೆದೆ. 'ಸಂಯಮ' ಎಂಬ ಪದ ಮೂರು ಸಲ ಬಳಸಿದ್ದೆ. ನಾಲ್ಕು ನಕ್ಷತ್ರ.

ಮಾರ್ಚಿನಲ್ಲಿ ಲೋಕಲ್ ನಿಂತಿತು. ಮೂವತ್ತು ವರ್ಷ ಆ ರೈಲಿನ ಸದ್ದಿನಲ್ಲೇ ನಿದ್ದೆ ಮಾಡಿದವಳಿಗೆ ನಿಶ್ಶಬ್ದದಿಂದ ಎಚ್ಚರವಾಗತೊಡಗಿತು. ಆ ನಿಶ್ಶಬ್ದದಲ್ಲಿ ಮೇಲಿನ ಮನೆ ಕೇಳತೊಡಗಿತು.

ಹೊಡೆದ ಸದ್ದಲ್ಲ. ಒಂದೆರಡು ಸಲ ಪಾತ್ರೆ ಬಿದ್ದದ್ದು, ಬಾಗಿಲು ಬಡಿದದ್ದು, ಅಷ್ಟೆ. ಉಳಿದದ್ದೆಲ್ಲ ಮಾತು. ಅದೇ ಮರ್ಯಾದಸ್ಥ ದನಿ, ತಾಸುಗಟ್ಟಲೆ. "ನಿನ್ನ ಕೈಯಾಗ ಕೊಟ್ಟಿದ್ದೆ ರೊಕ್ಕ. ನೀನ ಮರತಿ. ನಿನಗ ನೆನಪ ಇರಂಗಿಲ್ಲ." "ನಿಮ್ಮವ್ವ ಫೋನ್ ಮಾಡಿಲ್ಲ, ನಿನಗ ಕನಸ ಬಿದ್ದದ." "ತಲಿ ಸರಿ ಇಲ್ಲಂತ ನಿಮ್ಮಪ್ಪ ಮೊದಲ ಹೇಳಬೇಕಿತ್ತು." ಅವಳದು ಮೊದಮೊದಲು ವಾದ, ಆಮೇಲೆ ಅಳು, ಏಪ್ರಿಲ್ ಕೊನೆಗೆ ಬರೀ "ಹೂಂ". ಆ ಹೂಂ ಈಗಲೂ ಕಿವಿಯಲ್ಲಿದೆ.

ಸದ್ದು ಕಟ್ಟಡಕ್ಕೆಲ್ಲ ಕೇಳುತ್ತಿತ್ತು. ಮಾತು ತಿಳಿಯುತ್ತಿದ್ದದ್ದು ನನಗೊಬ್ಬಳಿಗೆ. ಮಂಗಳೂರಿನವರ ಮನೆ ಇನ್ನೊಂದು ತುದಿಗೆ. ಎದುರು ಮನೆಯ ಮರಾಠಿ ವಹಿನಿ ಒಂದು ದಿನ ಹಾಲು ತೆಗೆದುಕೊಳ್ಳುವಾಗ ಮಾಸ್ಕ್ ಕೆಳಗಿಳಿಸಿ ಕೇಳಿದಳು, "ನಿಮ್ಮ ಭಾಷೆಯವರಲ್ಲವಾ? ಏನು ಹೇಳ್ತಿರ್ತಾನೆ ಅವನು ಅಷ್ಟು ಹೊತ್ತು?"

ನಾನು ಹೇಳಿದೆ: "ಊರಿನ ಜಮೀನಿನ ವಿಷಯ. ಅಣ್ಣತಮ್ಮಂದಿರ ಪಾಲಿನ ಜಗಳ. ನಮ್ಮ ಕಡೆಯವರದು ಮಾತೇ ಜೋರು."

ಯಾಕೆ ಹಾಗೆಂದೆ? ಬಹಳ ಯೋಚಿಸಿದ್ದೇನೆ. ಮೂವತ್ತು ವರ್ಷ ಈ ಮೆಟ್ಟಿಲುಗಳ ಮೇಲೆ 'ಕಾನಡಿ' ಎಂದು ಕರೆಸಿಕೊಂಡು, ನಮ್ಮವರು ಸಭ್ಯರು, ಓದಿದವರು, ಹೆಣ್ಣುಮಕ್ಕಳಿಗೆ ಮರ್ಯಾದೆ ಕೊಡುವವರು ಎಂದು ಗಣಪತಿ ಹಬ್ಬದಿಂದ ಗಣಪತಿ ಹಬ್ಬಕ್ಕೆ ಸಾಬೀತು ಮಾಡಿಕೊಂಡು ಬಂದವಳು ನಾನು. ಒಂದು ಹಾಲಿನ ಪ್ಯಾಕೆಟ್ ಹಿಡಿದು ನಿಂತ ಜಾಗದಲ್ಲಿ ಅದನ್ನೆಲ್ಲ ಕಳೆಯಲಾರದೆ ಹೋದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಅವರಿಗೆ ಎಷ್ಟು ಎಕರೆ ಎಂದು ಕೇಳಿದ್ದರೂ ಹೇಳಿಬಿಡುತ್ತಿದ್ದೆ.

ಮೇ ತಿಂಗಳಲ್ಲಿ ಅವಳು ಕೆಳಗೆ ಬಂದಳು. ನಾನು ಕೊಟ್ಟ ಪತ್ರಿಕೆ ಕೈಯಲ್ಲಿ. ಬಾಗಿಲ ಹೊರಗೇ ನಿಂತು, "ಅಕ್ಕಾರ, ಸಿನಿಮಾದ್ದು ಓದಿದೆ. ಛಲೋ ಬರದೀರಿ" ಅಂದಳು. ಪತ್ರಿಕೆ ಸುರುಳಿ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಆಮೇಲೆ, "ಒಂದು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ರಾತ್ರಿ ನಮ್ಮ ಮನೀ ಮಾತು ನಿಮಗ ಕೇಳಸ್ತದೇನ್ರಿ?"

"ಇಲ್ಲವಾ. ನಾ ಟಿವಿ ಹಚ್ಚಿರತೀನಲ್ಲ" ಎಂದೆ.

ಅವಳಿಗೆ ನಾಚಿಕೆಯಾಗಬಾರದು ಎಂದು ಹಾಗೆಂದೆ. ಹಾಗಂತ ಅಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಹೌದಲ್ಲಾ" ಎಂದು ಮೇಲೆ ಹೋದಳು. ದೀಪಾವಳಿಗೆ ಮೊದಲು ಅವಳ ಅಣ್ಣ ಕಾರು ಮಾಡಿಕೊಂಡು ಬಂದು ಕರೆದುಕೊಂಡು ಹೋದ. ಮುಂದಿನ ವರ್ಷ ಹುಡುಗನೂ ಮನೆ ಖಾಲಿ ಮಾಡಿದ. ಹೋಗುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದ, ನಾನು ಆಶೀರ್ವಾದವನ್ನೂ ಮಾಡಿದೆ.

ಅದಾಗಿ ಎರಡು ವರ್ಷಕ್ಕೆ, 2022ರ ಆಗಸ್ಟಿನಲ್ಲಿ 'ಡಾರ್ಲಿಂಗ್ಸ್' ಬಂತು. ಜಸ್ಮೀತ್ ರೀನ್ ಅವರ ಮೊದಲ ಚಿತ್ರ. ಭಾಯಖಳಾದ ಚಾಳು, ಆಲಿಯಾ ಭಟ್, ಅವಳ ತಾಯಿಯಾಗಿ ಶೆಫಾಲಿ ಶಾ. ಗಂಡ ವಿಜಯ್ ವರ್ಮಾ ರೈಲ್ವೆಯ ಟಿಕೆಟ್ ಕಲೆಕ್ಟರ್. ('ದಹಾಡ್'ನ ಮೇಷ್ಟರೂ ಇವನೇ. ಇವನು ತೆರೆಯ ಮೇಲೆ ನಕ್ಕರೆ ನನಗೆ ಈಗೀಗ ಹೊಟ್ಟೆ ತೊಳಸುತ್ತದೆ. ಒಳ್ಳೇ ನಟನೆಂಬುದಕ್ಕೆ ಇದಕ್ಕಿಂತ ಸರ್ಟಿಫಿಕೇಟು ಬೇಡ.) ರಾತ್ರಿ ಹೊಡೆಯುತ್ತಾನೆ, ಬೆಳಿಗ್ಗೆ ಮುದ್ದು ಮಾಡುತ್ತಾನೆ, ಕುಡಿತದ ಮೇಲೆ ತಪ್ಪು ಹಾಕುತ್ತಾನೆ. ಕುಡಿತ ಬಿಟ್ಟ ಮೇಲೂ ಹೊಡೆಯುತ್ತಾನೆ. ತಾಯಿ ಮಗಳು ಸೇರಿ ಅವನನ್ನು ಮನೆಯಲ್ಲೇ ಕಟ್ಟಿಹಾಕಿದ ಮೇಲಿನ ಕಥೆ ಬಗ್ಗೆ, ಇದು ಹಿಂಸೆಗೆ ಹಿಂಸೆ ಕಲಿಸುತ್ತದೆಯೇ ಎಂದು ಪತ್ರಿಕೆಗಳಲ್ಲಿ ಬೇಕಾದಷ್ಟು ಚರ್ಚೆ ಆಯಿತು. ನನಗೆ ಅದು ಯಾವುದೂ ತಲೆಗೆ ಹೋಗಲಿಲ್ಲ. ಆ ಚಾಳಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಹೆಂಗಸೊಬ್ಬಳಿದ್ದಾಳೆ. ಮೇಲಿಂದ ಏಟಿನ ಸದ್ದು ಬರುತ್ತದೆ, ಅವಳು ಕೈಯಲ್ಲಿನ ಕೆಲಸ ಮುಂದುವರಿಸುತ್ತಾಳೆ. ಕೆಲವೇ ಸೆಕೆಂಡಿನ ಪಾತ್ರ. ನಾನು ಚಿತ್ರ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದೆ. ಆ ತಿಂಗಳು ವಿಮರ್ಶೆಯಲ್ಲಿ ಶೆಫಾಲಿ ಶಾ ಅವರ ಅಭಿನಯ ಹೊಗಳಿದೆ, ಪಾರ್ಲರಿನವಳ ಬಗ್ಗೆ ಒಂದಕ್ಷರ ಬರೆಯಲಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು 'ಗ್ಯಾಸ್‌ಲೈಟಿಂಗ್' ಎಂಬುದನ್ನು ವರ್ಷದ ಪದವೆಂದು ಆರಿಸಿದರು. ಸಂಪಾದಕರು "ಅದ್ರ ಮೂಲ ಸಿನಿಮಾದ ಬಗ್ಗೆ ಬರೀರಿ" ಎಂದರು. ಮೂಲ ನಾಟಕ, ಪ್ಯಾಟ್ರಿಕ್ ಹ್ಯಾಮಿಲ್ಟನ್ನನ 1938ರದ್ದು. 1944ರ ಚಿತ್ರದಲ್ಲಿ ಇಂಗ್ರಿಡ್ ಬರ್ಗ್‌ಮನ್. ಗಂಡ ಒಡವೆ ಬಚ್ಚಿಟ್ಟು 'ನೀನೇ ಕಳೆದೆ' ಅನ್ನುತ್ತಾನೆ, ಗೋಡೆಯ ಚಿತ್ರ ತೆಗೆದು 'ನೀನೇ ತೆಗೆದೆ' ಅನ್ನುತ್ತಾನೆ. ರಾತ್ರಿ ಅಟ್ಟದಲ್ಲಿ ಅವನು ದೀಪ ಹಚ್ಚಿ ಹುಡುಕಾಡುವಾಗ ಕೆಳಗಿನ ಕೋಣೆಯ ಗ್ಯಾಸ್ ದೀಪ ಮಂಕಾಗುತ್ತದೆ, ಮೇಲೆ ಹೆಜ್ಜೆ ಸಪ್ಪಳ ಕೇಳುತ್ತದೆ. ಅದೂ ಭ್ರಮೆ ಎಂದು ಅವಳು ನಂಬಿಬಿಟ್ಟಿರುತ್ತಾಳೆ. ನಮ್ಮ 'ಶರಪಂಜರ' ನೆನಪಾಯಿತು. ಆಸ್ಪತ್ರೆಯಿಂದ ವಾಸಿಯಾಗಿ ಬಂದ ಕಾವೇರಿಯನ್ನು ಮನೆಯಲ್ಲಿ ಎಲ್ಲರೂ ಹುಚ್ಚಿಯೆಂದೇ ನೋಡುತ್ತಾರೆ. ಅತ್ತ ಗಂಡನಿಗೆ ಬೇರೆ ಹೆಣ್ಣಿನ ಸಂಗ. ಕಲ್ಪನಾ ಮತ್ತೆ ಆಸ್ಪತ್ರೆ ಸೇರುವುದನ್ನು ನೋಡಿ 1972ರಲ್ಲಿ ನಮ್ಮವ್ವ ಎರಡು ದಿನ ಊಟ ಬಿಟ್ಟಿದ್ದಳು. ಕಾವೇರಿಗೆ ಸಿಗದ ಒಬ್ಬ ಮನುಷ್ಯ ಬರ್ಗ್‌ಮನ್‌ಗೆ ಸಿಗುತ್ತಾನೆ. ಸ್ಕಾಟ್ಲೆಂಡ್ ಯಾರ್ಡಿನವನೊಬ್ಬ ಅವಳ ಕೋಣೆಯಲ್ಲಿ ನಿಂತಾಗ ದೀಪ ಮಂಕಾಗುತ್ತದೆ, ಅವನಿಗೂ ಅದು ಕಾಣುತ್ತದೆ. ತನಗೂ ಕಂಡಿತೆಂದು ಅವನು ಹೇಳುತ್ತಾನೆ. ಅವಳ ಮುಖದಲ್ಲಿ ಜೀವ ಬರುತ್ತದೆ.

ಇಷ್ಟು ಬರೆದು ಪೆನ್ನು ಮುಚ್ಚಿಟ್ಟೆ. ಅವಳ ನಂಬರ್ ಹಳೇ ಫೋನಿನಲ್ಲಿತ್ತು.

ಗುರುತು ಹಿಡಿದಳು. ಊರಿನಲ್ಲೇ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳಂತೆ. ನಾನು ಸುತ್ತಿ ಬಳಸಿ ಏನೇನೋ ಮಾತಾಡಿ, ಕಡೆಗೆ, "ಆವತ್ತು ನೀ ಕೇಳಿದಾಗ ನಾ ಸುಳ್ಳು ಹೇಳಿದೆ ತಂಗಿ. ಎಲ್ಲಾ ಕೇಳಸ್ತಿತ್ತು" ಎಂದೆ.

ಬಹಳ ಹೊತ್ತು ಆಚೆಯಿಂದ ಮಾತಿಲ್ಲ. ಯಾವುದೋ ಮಗು ಅಳುವುದು, ಯಾರೋ ಬಕೀಟು ಎಳೆಯುವುದು ಕೇಳಿತು.

"ನೀವು ಬಂದು ಬಿಡಸ್ರಿ ಅಂತ ಕೇಳಿದ್ದಿಲ್ರಿ ಅಕ್ಕಾರ," ಅಂದಳು. "ಅವು ಮಾತು ಖರೇನ ಆಡ್ತಾರೋ, ನನಗ ಸುಮ್ಮ ಹಂಗ ಕೇಳಸ್ತದೋ, ಅಷ್ಟ ಗೊತ್ತಾಗಬೇಕಾಗಿತ್ತು. ನೀವು ಇಲ್ಲ ಅಂದ್ರಿ. ಆಮ್ಯಾಲ ನಾಕು ತಿಂಗಳು ನನಗ ಹುಚ್ಚ ಹಿಡದದಂತ ನಾನೂ ಒಪ್ಪಿಕೊಂಡಿದ್ದೆ."

2024ರಲ್ಲಿ ಬಂದ 'ಉಳ್ಳೊಳುಕ್ಕು' ಎಂಬ ಮಲಯಾಳಂ ಚಿತ್ರವನ್ನು ನಾನು ಯಾಕೆ ಎರಡು ಸಲ ನೋಡಿದೆ ಎಂದು ಈಗ ನಿಮಗೆ ತಿಳಿದೀತು. ಕುಟ್ಟನಾಡಿನಲ್ಲಿ ನೆರೆ ಬಂದು, ಸತ್ತ ಮಗನನ್ನು ಹೂಳಲು ನೆಲವೇ ಇಲ್ಲದೆ ಅತ್ತೆ ಸೊಸೆ ನೀರು ತುಂಬಿದ ಮನೆಯಲ್ಲಿ ಕಾಯುತ್ತಾರೆ. ಊರ್ವಶಿ ಅತ್ತೆ, ಪಾರ್ವತಿ ಸೊಸೆ. ಮಗನ ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿರುತ್ತಾರೆ. ಸೊಸೆಯೂ ಒಂದು ಗುಟ್ಟು ಹೊತ್ತಿರುತ್ತಾಳೆ. ಸುಳ್ಳು ಹೇಳಿದವರಲ್ಲಿ ರಾಕ್ಷಸರು ಯಾರೂ ಇಲ್ಲ. ಎಲ್ಲರೂ ಒಳ್ಳೆಯದಾಗಲಿ ಎಂದೇ ಹೇಳಿದವರು. ಊರ್ವಶಿಗೆ ರಾಷ್ಟ್ರಪ್ರಶಸ್ತಿ ಬಂತು. ನಾನು ಆ ಚಿತ್ರಕ್ಕೆ ನಕ್ಷತ್ರ ಕೊಡಲಿಲ್ಲ, ಕೊಡುವುದನ್ನೇ ಬಿಟ್ಟಿದ್ದೆ.

ಫೋನ್ ಮಾಡಿದ ಮೂರು ತಿಂಗಳಿಗೆ ಅವಳೇ ಮಾಡಿದಳು. 2005ರ ಕೌಟುಂಬಿಕ ಹಿಂಸೆಯ ಕಾಯ್ದೆಯ ಕೆಳಗೆ ಊರಿನ ಕೋರ್ಟಿನಲ್ಲಿ ಅರ್ಜಿ ಹಾಕಿದ್ದಳು. ಆ ಕಾಯ್ದೆಯಲ್ಲಿ ಕೈ ಎತ್ತುವುದಷ್ಟೇ ಅಲ್ಲ, ಮಾತಿನ ಹಿಂಸೆ, ಮನಸ್ಸಿನ ಹಿಂಸೆ, ರೊಕ್ಕದ ಹಿಂಸೆಯೂ ಸೇರಿದೆ. ಆದರೆ ಮಾತಿಗೆ ಬಾಸುಂಡೆ ಏಳುವುದಿಲ್ಲವಲ್ಲ. ಕೇಳಿದವರು ಬೇಕು. "ವಕೀಲರು ಕೇಳಲಿಕ್ಕತ್ತಾರ. ನೀವು ಬರದು ಕೊಡ್ತೀರೇನ್ರಿ? ಒತ್ತಾಯ ಇಲ್ಲ."

ಮೂರು ಪುಟವಾಯಿತು. ಅವನ ಮಾತುಗಳನ್ನು ಹೇಗೆ ಕೇಳಿದೆನೋ ಹಾಗೇ, ಆಡುಮಾತಿನಲ್ಲೇ ಬರೆದೆ. ಸಹಿ ಮಾಡುವ ಮುನ್ನ ಕಾಗದ ಹಿಡಿದುಕೊಂಡು ಎದುರು ಮನೆಯ ವಹಿನಿಯ ಬಾಗಿಲು ತಟ್ಟಿದೆ. ದಿನಗಳೆಲ್ಲ ಸರಿಯಾಗಿವೆಯೇ, ಹಾಲಿನ ಹೊತ್ತಿಗೆ ನಾವು ಮಾತಾಡಿದ್ದು ಏಪ್ರಿಲ್ಲೋ ಮೇಯೋ ಎಂದು ಕೇಳಬೇಕಿತ್ತು. ಏನಿದರಲ್ಲಿ ಎಂದಳು. ಒಂದೊಂದೇ ಸಾಲು ಮರಾಠಿಯಲ್ಲಿ ಹೇಳುತ್ತ ಹೋದೆ. ಕುಕ್ಕರ್ ಮೂರು ಸಲ ಕೂಗಿತು, ಅವಳು ಎದ್ದು ಹೋಗಲಿಲ್ಲ. ಎಲ್ಲ ಕೇಳಿ ಮುಗಿದ ಮೇಲೆ ನನ್ನ ಮುಖವನ್ನೇ ನೋಡುತ್ತ,

"ಹಾಗಾದರೆ ಆ ಜಮೀನು?" ಎಂದಳು.