ಮೂಗಿನ ತುದಿಯ ಬಿಸಿ

ಹಿರಿಯೂರು, 4 ಜನವರಿ 2026, ಭಾನುವಾರ

ಡಿಸೆಂಬರ್ 25ರ ನಸುಕಿನಲ್ಲಿ ಗೊರ್ಲತ್ತು ಹತ್ತಿರ ಕಂಟೇನರ್ ಲಾರಿಯೊಂದು ಡಿವೈಡರ್ ದಾಟಿ ಬಂದು ಸ್ಲೀಪರ್ ಬಸ್ಸಿಗೆ ಬಡಿಯಿತು. ಬಸ್ಸು ಹೊತ್ತಿ ಉರಿಯಿತು. ಅಂದಿನಿಂದ ರಾತ್ರಿ ಫೋನ್ ಬಂದರೆ ನನ್ನ ಎದೆ ಝಲ್ಲೆನ್ನುತ್ತದೆ. ಆ ಅಪಘಾತದ ಕಾರಣವನ್ನು ತನಿಖೆಯವರು ಹೇಳಲಿ. ನನಗೆ ಭಯ ಆ ಹೊತ್ತಿನದು. ನಡುರಾತ್ರಿ ಎರಡರಿಂದ ಬೆಳಗಿನ ಜಾವ ಐದರವರೆಗೆ ಮನುಷ್ಯನ ಮೈ ಎಚ್ಚರವಿರಲು ಒಪ್ಪುವುದಿಲ್ಲ. ಲಾರಿ ಓಡಿಸುವ ನನ್ನ ತಮ್ಮ ಹೊಸದುರ್ಗದಲ್ಲಿ ದಾಳಿಂಬೆ ಕ್ರೇಟು ತುಂಬಿಸಿಕೊಂಡು ರಾತ್ರಿ ಹನ್ನೊಂದಕ್ಕೆ ಬೆಂಗಳೂರಿಗೆ ಹೊರಟರೆ ಹಿರಿಯೂರು ದಾಟಿ ಹೈವೇಯಲ್ಲಿರುವುದು ಸರಿಯಾಗಿ ಅದೇ ಹೊತ್ತಿಗೆ.

ಎಂಬತ್ತರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ 66 ಮೀಟರ್ ಯಾರೂ ಓಡಿಸದ ಗಾಡಿ.

7 ಜನವರಿ, ಬುಧವಾರ

ಕಾಲೇಜಿನಲ್ಲಿ ದೇಹದ ಉಷ್ಣತೆಯ ಪಾಠ ಮಾಡುತ್ತ ಮಾಡುತ್ತ ತಮ್ಮನೇ ನೆನಪಾದ. ಪುಸ್ತಕದಲ್ಲಿರುವುದಕ್ಕಿಂತ ಹೆಚ್ಚು ಹೇಳಿದೆ. ನಿದ್ದೆ ಹತ್ತುವ ಮೊದಲು ಮೈ ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತದೆ. ಕೈಕಾಲು, ಕಿವಿ, ಮೂಗಿನ ತುದಿಯ ರಕ್ತನಾಳಗಳು ಹಿಗ್ಗಿ ಅಲ್ಲಿನ ಚರ್ಮ ಬೆಚ್ಚಗಾಗುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕ್ರೌಖಿ ಮತ್ತು ಸಂಗಡಿಗರು ಕೈಕಾಲು ಬೆಚ್ಚಗಾದವರಿಗೆ ನಿದ್ದೆ ಬೇಗ ಹತ್ತುವುದನ್ನು ತೋರಿಸಿ 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಹಣೆ ಅಷ್ಟಾಗಿ ಬದಲಾಗುವುದಿಲ್ಲ. ಹಾಗಾಗಿ ಮುಖವನ್ನೇ ನೋಡುವ ಥರ್ಮಲ್ ಕ್ಯಾಮೆರಾ ಹಣೆಗೂ ಮೂಗಿಗೂ ಇರುವ ಅಂತರವನ್ನು ಗಮನಿಸುತ್ತ ಹೋಗಬಹುದು. ಅಂತರ ಕಡಿಮೆಯಾಗುತ್ತ ಬಂದರೆ ಮೈ ಮಲಗಲು ಹೊರಟಿದೆ ಎಂದು ಊಹಿಸಬಹುದು.

ಈಗ ತೂಕಡಿಕೆ ಪತ್ತೆಗೆಂದು ಕೆಲವು ಗಾಡಿಗಳಲ್ಲಿ ಇರುವುದು ರೆಪ್ಪೆ ನೋಡುವ ಕ್ಯಾಮೆರಾ. ರೆಪ್ಪೆ ಇಳಿಯುವ ಹೊತ್ತಿಗೆ ಅರ್ಧ ಅನಾಹುತ ಆಗಿಹೋಗಿರುತ್ತದೆ. ಥರ್ಮಲ್ ಕ್ಯಾಮೆರಾಕ್ಕೆ ಬೆಳಕೇ ಬೇಡ, ಕಗ್ಗತ್ತಲಲ್ಲೂ ಚರ್ಮದ ಶಾಖವನ್ನೇ ನೋಡುತ್ತದೆ. ಮೂಗಿನ ಹೊಳ್ಳೆಯ ಹತ್ತಿರ ಉಸಿರು ಬಂದು ಹೋಗುವುದನ್ನೂ ಎಣಿಸುತ್ತದೆ. ಆದರೆ ಕನ್ನಡಕದ ಗಾಜನ್ನು ದಾಟಿ ಅದು ನೋಡಲಾರದು. ಎ.ಸಿ. ಗಾಳಿ ನೇರ ಮುಖಕ್ಕೆ ಹೊಡೆದರೆ ಮೂಗು ತಣ್ಣಗಾಗಿ ಲೆಕ್ಕ ತಪ್ಪುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕಡ್ಡಾಯವಾಗಿದೆ. ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಲ್ಲಿ ಅದು ಬೇಕೇ ಬೇಕು, ಕ್ಯಾಮೆರಾ ಮಾಡುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

11 ಜನವರಿ, ಭಾನುವಾರ

ತಮ್ಮ ಬಂದಿದ್ದ. ಮುದ್ದೆ, ಅವರೆಕಾಳು ಸಾರು ಉಂಡು ಹಾಲ್‌ನಲ್ಲಿ ಚಾಪೆ ಹಾಸಿಕೊಂಡ. ಕೋವಿಡ್ ಕಾಲದಲ್ಲಿ ಕೊಂಡ ಥರ್ಮಾಮೀಟರ್ ಗನ್ ಬೀರುವಿನಲ್ಲಿತ್ತು. ಹಣೆಗೆ ಹಿಡಿಯುವ ಬಗೆ ಬಿಟ್ಟು ವಸ್ತುಗಳ ಶಾಖ ನೋಡುವ ಬಗೆಗೆ ಬದಲಿಸಿದೆ. ಮೊದಲು ಮೂಗಿನ ತುದಿ ಹಣೆಗಿಂತ ಸಾಕಷ್ಟು ತಣ್ಣಗಿತ್ತು. ಮಾತು ತೊದಲಿ, ಕೈಯಲ್ಲಿದ್ದ ಫೋನ್ ಎದೆಯ ಮೇಲೆ ಜಾರುವ ಹೊತ್ತಿಗೆ ಮೂಗು ಏರುತ್ತ ಬಂದಿತ್ತು. ಹಣೆ ಹೆಚ್ಚೂ ಕಡಿಮೆ ಇದ್ದಲ್ಲೇ ಇತ್ತು. ಊಟದ ಬಿಸಿಯೂ ಇರಬಹುದು, ಇದೊಂದರಿಂದ ಏನನ್ನೂ ಸಾಧಿಸಿದಂತಲ್ಲ. ಆದರೂ ಅದನ್ನು ಕಣ್ಣಾರೆ ಕಂಡು ಮೈ ಜುಮ್ಮೆಂದಿತು.

ಎದ್ದ ಮೇಲೆ ಹೇಳಿದೆ. "ನಿದ್ದೆ ಬಂದ್ರೆ ನನಗೆ ಗೊತ್ತಾಗಲ್ವೇನಕ್ಕಾ? ಹೈವೇ ಡಾಬಾದಾಗೆ ಮುಖಕ್ಕೆ ನೀರು ಹಾಕ್ಕಂಡು ಒಂದು ಟೀ ಕುಡಿದ್ರೆ ಮುಗೀತು" ಎಂದ. ಬಚ್ಚಲಿಗೆ ಕರೆದೊಯ್ದು ಮುಖ ತೊಳೆಸಿ ಮತ್ತೆ ಗನ್ ಹಿಡಿದೆ. ಮೂಗು ಸರ್ರನೆ ತಣ್ಣಗಾಗಿತ್ತು. ಕ್ಯಾಮೆರಾ ಇದ್ದಿದ್ದರೆ ಇವನು ಚುರುಕಾಗಿದ್ದಾನೆ ಎಂದೇ ಹೇಳುತ್ತಿತ್ತು. ಅವನಿಗೂ ಹಾಗೇ ಅನ್ನಿಸುತ್ತದೆ. ನಿದ್ದೆಯ ಸಾಲ ಮಾತ್ರ ಒಂದು ಪೈಸೆಯೂ ತೀರಿರುವುದಿಲ್ಲ. ಆಂಧ್ರದ ಪೊಲೀಸರು ರಾತ್ರಿ ಡ್ರೈವರುಗಳನ್ನು ತಡೆದು ಮುಖ ತೊಳೆಸಿ ಕಳಿಸುವ ಕೆಲಸ ಮಾಡಿದ್ದಾರೆ. ಒಳ್ಳೆಯ ಮನಸ್ಸಿನದೇ, ಆದರೆ ತಣ್ಣನೆ ಗಾಳಿ, ರೇಡಿಯೋ ಇವೆಲ್ಲ ತುಸು ಹೊತ್ತಿಗಷ್ಟೇ ಎಂದು ಇಂಗ್ಲೆಂಡಿನ ಲಫ್‌ಬರೋದ ರೇನರ್, ಹಾರ್ನ್ 1998ರಲ್ಲೇ ತೋರಿಸಿದ್ದರು. ಕೆಲಸಕ್ಕೆ ಬರುವುದು ಕಾಫಿ ಕುಡಿದು ಕಾಲು ಗಂಟೆ ಮಲಗುವುದು.

ಅದನ್ನೇ ಹೇಳಿದರೆ ತಮ್ಮ ಸುಮ್ಮನಾದ. ಆಮೇಲೆ, "ಮಲಗಾಕೆ ಎಲ್ಲಿ ಬಿಡ್ತಾರಕ್ಕ? ನಾಲ್ಕಕ್ಕೆ ಮಾರ್ಕೆಟ್‌ನಾಗೆ ಇಳಿಸಬೇಕು. ಲೇಟಾದ್ರೆ ರೇಟು ಬೀಳ್ತದೆ" ಎಂದ.

18 ಜನವರಿ, ಭಾನುವಾರ

ಯೂರೋಪಿನಲ್ಲಿ 2024ರ ಜುಲೈನಿಂದ ಮಾರಾಟವಾಗುವ ಹೊಸ ಗಾಡಿಗಳಿಗೆಲ್ಲ ತೂಕಡಿಕೆ ಎಚ್ಚರಿಸುವ ಉಪಕರಣ ಕಡ್ಡಾಯ. ನಮ್ಮಲ್ಲೂ ಬರಲಿ. ಭೀಮಸಮುದ್ರದ ಅಡಿಕೆ ಲಾರಿಗೂ ಹೊಳಲ್ಕೆರೆ ಕಡೆಯ ಅದಿರು ಲಾರಿಗೂ ಬರಲಿ. ಆದರೆ ಬಜರ್ ಹೊಡೆದದ್ದು ಮಾಲೀಕರ ಫೋನಿಗೆ ಹೋಗಿ ಸಂಬಳದಲ್ಲಿ ಕಡಿತವಾದರೆ ಡ್ರೈವರುಗಳು ಕ್ಯಾಮೆರಾಕ್ಕೆ ಬಟ್ಟೆ ಕಟ್ಟುತ್ತಾರೆ, ಕಟ್ಟಲೇಬೇಕಾಗುತ್ತದೆ. ಬಜರ್ ಹೊಡೆದ ಮೇಲೆ ಗಾಡಿ ನಿಲ್ಲಿಸುವ ಹಕ್ಕು, ನಿಲ್ಲಿಸಲು ಜಾಗ, ತಡವಾದರೆ ಬೈಯದ ಮಾಲೀಕ, ಇವು ಉಪಕರಣದ ಜೊತೆಯಲ್ಲೇ ಬರಬೇಕು. ದಿನಕ್ಕೆ 8 ಗಂಟೆ ದುಡಿತವೆಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ತಮ್ಮ ಅದರ ಹೆಸರನ್ನೇ ಕೇಳಿಲ್ಲ.

ನಾಳೆ ಹೊಸದುರ್ಗಕ್ಕೆ ಹೋಗಿ ಅವನ ಮಾಲೀಕರನ್ನು ಕಾಣುತ್ತೇನೆ. ಲೋಡು ಸಂಜೆಯೇ ತುಂಬಿಸಿ ಎಂಟಕ್ಕೆ ಗಾಡಿ ಬಿಟ್ಟರೆ ನಡುರಾತ್ರಿಗೆ ಮೊದಲೇ ಬೆಂಗಳೂರಿನ ಹತ್ತಿರ ಇರುತ್ತಾನೆ, ಮಾರ್ಕೆಟ್ ತೆರೆಯುವವರೆಗೆ ಕ್ಯಾಬಿನ್‌ನಲ್ಲೇ ಮಲಗಬಹುದು. ಅಷ್ಟು ಕೇಳುವುದು.